ಹಸಿರು ದೀಪದ ದುಗ್ಗಪ್ಪಯ್ಯ

ಏಳು ಕೆರೆಯಾಚೆ ಒಂದು ರಾಜ್ಯ. ಅಲ್ಲೊಬ್ಬ ದೊರೆ, ಹೆಸರು ಸೋಮಭೂಪ. ಅವನಿಗೆ ಆನೆಯಿತ್ತು, ಕುದುರೆಯಿತ್ತು, ಕಂಪ್ಯೂಟರೂ ಇತ್ತು. ನಗಬೇಡಿ, ಕಥೆ ಕೇಳಿ. ಅರಮನೆಯ ಗಂಟೆ, ಕೋಣೆಗಳ ಬಾಗಿಲು, ಕೆರೆಯ ತೂಬು, ಎಲ್ಲವನ್ನೂ ಆ ಕಂಪ್ಯೂಟರೇ ನಡೆಸುತ್ತಿತ್ತು. ಅದರ ಆಪರೇಟಿಂಗ್ ಸಿಸ್ಟಂ ಒಂದು ದೊಡ್ಡ ಮರ ಅಂದುಕೊಳ್ಳಿ. ಗಂಟೆಯ ಕೋಡ್ ಒಂದು ಕೊಂಬೆ, ಬಾಗಿಲಿನದು ಒಂದು ಕೊಂಬೆ, ತೂಬಿನದು ಇನ್ನೊಂದು ಕೊಂಬೆ.

ತೂಬಿನ ಕೊಂಬೆ ಬರೆದವಳು ಮಾಳವ್ವ. ಕುಂಬಾರಗೇರಿಯ ಹೆಣ್ಣುಮಗಳು. ಆ ಗೇರಿಯ ನಲವತ್ತು ಮನೆಯೂ ಕೆರೆ ಏರಿಯ ಕೆಳಗೇ. ಮಳೆಗಾಲದಲ್ಲಿ ನೀರು ಕೆರೆಯ ಕೊನೆಯ ಮೆಟ್ಟಿಲು, ಅಂದರೆ ಕೆಳಗಿನಿಂದ ಹತ್ತನೇ ಮೆಟ್ಟಿಲು ಮುಟ್ಟಿದ ಕೂಡಲೇ ತೂಬು ತಾನಾಗಿ ತೆರೆಯಬೇಕು. ಇಲ್ಲವಾದರೆ ಏರಿ ಒಡೆದು ಗೇರಿಯೇ ಕೊಚ್ಚಿಹೋಗುತ್ತದೆ.

ಕೋಡ್ ಬರೆದವರು ಅದಕ್ಕೊಂದು ಟೆಸ್ಟನ್ನೂ ಬರೆಯಬೇಕೆಂದು ಕಟ್ಟಳೆ. ಒಂದು ಗುಂಡಿ ಒತ್ತಿದರೆ ಸಾಕು, ಟೆಸ್ಟುಗಳು ತಾವಾಗಿಯೇ ಓಡಿ ಕೋಡನ್ನು ಪ್ರಶ್ನೆ ಕೇಳುತ್ತಿದ್ದವು. ಉತ್ತರ ಸರಿಯಾದರೆ ಹಸಿರು ದೀಪ, ತಪ್ಪಾದರೆ ಕೆಂಪು ದೀಪ. ಆದರೆ ಪರೀಕ್ಷಾಧಿಕಾರಿ ದುಗ್ಗಪ್ಪಯ್ಯ ಒಂದೇ ಒಂದು ಟೆಸ್ಟನ್ನೂ ಮರದ ಮೇಲೆ ಇರಗೊಡಲಿಲ್ಲ. ಎಲ್ಲವನ್ನೂ ತನ್ನ ಭಂಡಾರದಲ್ಲಿ ರಾಶಿ ಹಾಕಿಸಿದ. ಯಾವುದು ಗಂಟೆಯದು, ಯಾವುದು ತೂಬಿನದು, ಆ ದೇವರಿಗೇ ಗೊತ್ತು.

ಇತ್ತ ಕೊಂಬೆಯಲ್ಲಿ ಕೋಡ್ ಬದಲಾಗುತ್ತಿತ್ತು, ಅತ್ತ ರಾಶಿಯಲ್ಲಿ ಟೆಸ್ಟು ಹಳೆಯದೇ ಉಳಿಯುತ್ತಿತ್ತು. ಕೆಂಪು ದೀಪ ಹತ್ತುತ್ತಿತ್ತು. ಯಾಕೆಂದು ಹುಡುಕುವ ವ್ಯವಧಾನ ದುಗ್ಗಪ್ಪಯ್ಯನಿಗೆಲ್ಲಿ? ಕೆಂಪಾದ ಟೆಸ್ಟಿಗೆ ‘ಆಮೇಲೆ’ ಎಂದು ಚೀಟಿ ಅಂಟಿಸುತ್ತಿದ್ದ. ಚೀಟಿ ಕಂಡರೆ ಯಂತ್ರ ಆ ಟೆಸ್ಟನ್ನು ದಾಟಿ ಮುಂದೆ ಹೋಗುತ್ತಿತ್ತು. ದೀಪ ಮತ್ತೆ ಹಸಿರು! ದೊರೆಯೋ, ಹಸಿರು ಕಂಡಾಗಲೆಲ್ಲ ಅವನಿಗೊಂದು ಶಾಲು ಹೊದಿಸುತ್ತಿದ್ದ.

ಒಂದು ದಿನ ಗಂಟೆ ಹದಿಮೂರು ಹೊಡೆಯಿತು. ಮಾಳವ್ವ ಭಂಡಾರಕ್ಕೆ ಓಡಿದಳು. "ಅಯ್ನೋರೇ, ನನ್ನ ತೂಬಿನ ಟೆಸ್ಟು ಒಂದ್ಸಲ ತೋರಿಸಿ."

"ಎಲ್ಲಾ ಸರಿ ಇದೆ, ಹೋಗು," ಅಂದ ದುಗ್ಗಪ್ಪಯ್ಯ.

ಇನ್ನೊಂದು ದಿನ ಕಣಜದ ಬಾಗಿಲು ತಾನೇ ತೆರೆದು ಮಂಗಗಳು ಜೋಳದ ಮೇಲೆ ಕುಣಿದವು. ಮಾಳವ್ವ ಮತ್ತೆ ಓಡಿದಳು. "ಎಲ್ಲಾ ಸರಿ ಇದೆ, ಹೋಗು!"

ಮತ್ತೊಂದು ದಿನ ಮೂಡಣದಲ್ಲಿ ಮೋಡ ಕಟ್ಟಿತು. ಈ ಸಲ ಮಾಳವ್ವ ಕೈ ಮುಗಿದಳು. "ಮಳೆಗೆ ಇನ್ನು ಹದಿನೈದೇ ದಿನ. ನಮ್ಮ ಗೇರೀಲಿ ಮಕ್ಕಳು ಮರಿ ಅವೆ, ಅಯ್ನೋರೇ."

"ಹಸಿರು ದೀಪ ಕಾಣಲ್ವೇನೇ? ಕಣ್ಣು ಮಂಜಾಗಿದ್ರೆ ಔಷಧಿ ಹಾಕಿಸ್ಕೋ!"

ಮಾಳವ್ವ ನೆಟ್ಟಗೆ ದೊರೆಯ ಬಳಿಗೆ ಹೋದಳು. "ಬುದ್ದಿ, ಒಂದು ಅಪ್ಪಣೆ ಬೇಕು."

"ಏನು ಕಟ್ಟೋಕೆ?"

"ಕಟ್ಟೋಕಲ್ಲ, ಕೆಡಿಸೋಕೆ. ನಾನು ಬೇಕಂತಲೇ ಒಂದು ಕೊಂಬೆ ಕೆಡಿಸ್ತೀನಿ. ಟೆಸ್ಟು ನಿಜವಾದ್ರೆ ದೀಪ ಕೆಂಪಾಗಬೇಕು. ಆಗದಿದ್ರೆ ಅದು ದೀಪ ಅಲ್ಲ, ಬರೀ ಹಸಿರು ಬಣ್ಣ."

ದೊರೆಗೆ ಕುತೂಹಲವಾಯಿತು. ಒಪ್ಪಿದ.

ಮಧ್ಯಾಹ್ನ ದುಗ್ಗಪ್ಪಯ್ಯ ಗಡದ್ದಾಗಿ ಉಂಡು, ಭಂಡಾರದೊಳಗೆ ಬಾಗಿಲು ಹಾಕಿಕೊಂಡು ಮಲಗಿದ್ದ. ಮಾಳವ್ವ ಬಾಗಿಲಿನ ಕೊಂಬೆಯಲ್ಲಿ ಒಂದೇ ಒಂದು ಸಾಲು ಕೆಡಿಸಿದಳು. ದೊರೆ ಅರಮನೆಯವರನ್ನೆಲ್ಲ ಕರೆದುಕೊಂಡು ಬಂದು ಭಂಡಾರದ ಕಿಟಕಿಯ ಬಳಿ ನಿಂತು ಕೂಗಿದ.

"ದುಗ್ಗಪ್ಪಯ್ಯಾ, ಗುಂಡಿ ಒತ್ತು. ಗಂಟೆ ಸರಿ ಇದೆಯೋ?"

"ಹಸಿರು, ಪ್ರಭು!"

"ಕಣಜ ಸರಿ ಇದೆಯೋ?"

"ಹಸಿರು, ಪ್ರಭು!"

"ನಿನ್ನ ಬಾಗಿಲೂ ಸರಿ ಇದೆಯೋ?"

"ಹಸಿರೋ ಹಸಿರು, ಪ್ರಭು!"

"ಹಾಗಾದ್ರೆ ಹೊರಗೆ ಬಾ."

ದುಗ್ಗಪ್ಪಯ್ಯ ಎದ್ದ. ಬಾಗಿಲು ತಳ್ಳಿದ. ಎಳೆದ. ಒದ್ದ. ಊಹೂಂ. ಹೊರಗೆ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಬಾಗಿಲಿನ ಟೆಸ್ಟು ನಿನ್ನ ರಾಶಿಯಲ್ಲೇ ಇದೆ," ಅಂದ ದೊರೆ. "ಹುಡುಕಿ ಚೀಟಿ ಕಿತ್ತು ಓಡಿಸು. ಎಲ್ಲಿ ಕೆಟ್ಟಿದೆಯೆಂದು ಅದೇ ಹೇಳುತ್ತೆ. ಹೇಳಿದ ಕೂಡಲೇ ಬಾಗಿಲು ತೆರೆಸ್ತೀನಿ."

ದುಗ್ಗಪ್ಪಯ್ಯ ಹುಡುಕಿದ. ಬೆವರಿಳಿಸಿಕೊಂಡು ಹುಡುಕಿದ. ಸಂಜೆಯಾದರೂ ಸಿಗಲಿಲ್ಲ. ತಾನೇ ಹಾಕಿದ ರಾಶಿ, ತನಗೇ ತಿಳಿಯದ ರಾಶಿ. ಕೊನೆಗೆ ಕಿಟಕಿಗೆ ಮುಖವಿಟ್ಟು ಅತ್ತೇಬಿಟ್ಟ. "ತಪ್ಪಾಯ್ತು ತಾಯೀ, ಯಾವುದು ಎಲ್ಲಿದೆ ಅಂತ ನಂಗೇ ಗೊತ್ತಿಲ್ಲ."

ಮಾಳವ್ವ ಆ ಸಾಲನ್ನು ಸರಿಪಡಿಸಿ ಬಾಗಿಲು ತೆರೆಸಿದಳು. ಒಳಗೆ ಹೋದವಳು ಯಾರನ್ನೂ ಬೈಯಲಿಲ್ಲ, ರಾಶಿಯ ಮುಂದೆ ಕೂತಳು. ಒಲೆಯ ಪಕ್ಕದಲ್ಲೇ ಉಪ್ಪಿನ ಮರಿಗೆ ಇರುವಂತೆ, ಯಾವ ಕೊಂಬೆಯ ಟೆಸ್ಟೋ ಆ ಕೊಂಬೆಯ ಪಕ್ಕದಲ್ಲೇ ಇಡಿಸಿದಳು. ಕೋಡ್ ಮುಟ್ಟಿದವನ ಕಣ್ಣಿಗೆ ಟೆಸ್ಟು ಬೀಳಲೇಬೇಕು. ಆಮೇಲೆ ಪುಟ್ಟದೊಂದು ಪ್ರೋಗ್ರಾಂ ಬರೆದಳು. ಯಾರು ಏನೇ ಬದಲಿಸಲಿ, ಅದು ಕೊಂಬೆಯಿಂದ ಕೊಂಬೆಗೆ ಹಾರಿ ಸಿಕ್ಕಿದ ಟೆಸ್ಟನ್ನೆಲ್ಲ ಓಡಿಸುತ್ತಿತ್ತು. ಜನ ಅದನ್ನು ಅಳಿಲು ಅಂದರು.

ಹನ್ನೆರಡನೇ ದಿನ ತೂಬಿನ ಟೆಸ್ಟು ಸಿಕ್ಕಿತು. ಮೂರು ತಿಂಗಳ ಹಳೆಯ ‘ಆಮೇಲೆ’ ಚೀಟಿ! ಕಿತ್ತ ಕೂಡಲೇ ದೀಪ ಕೆಂಪಾಯಿತು. ಮಾಳವ್ವ ತನ್ನ ಕೋಡನ್ನು ಸಾಲುಸಾಲಾಗಿ ನೋಡಿದಳು. ಕೋಡ್ ಬರೆಯುವವರಿಗೆ ಸೊನ್ನೆಯಿಂದ ಎಣಿಸುವ ಚಾಳಿ. ಮೊದಲ ಮೆಟ್ಟಿಲನ್ನು ಸೊನ್ನೆ ಅಂದುಕೊಂಡರೆ ಹತ್ತನೆಯದು ಒಂಬತ್ತಾಗುತ್ತದೆ. ಮಾಳವ್ವ ಅದನ್ನು ಮರೆತು ಹತ್ತು ಎಂದೇ ಬರೆದಿದ್ದಳು, ಹಾಗಾಗಿ ಅವಳ ಕೋಡ್ ಕಾಯುತ್ತಿದ್ದದ್ದು ಹನ್ನೊಂದನೇ ಮೆಟ್ಟಿಲಿಗೆ. ಆ ಕೆರೆಗೆ ಹನ್ನೊಂದನೇ ಮೆಟ್ಟಿಲೇ ಇಲ್ಲ.

"ತಪ್ಪು ನಂದೇ, ಬುದ್ದಿ," ಅಂದಳು ಎಲ್ಲರ ಎದುರಿಗೆ. ಸರಿಪಡಿಸಿದಳು. ಹಸಿರಾಯಿತು. ಈ ಸಲ ನಿಜವಾದ ಹಸಿರು.

ಹದಿನೈದನೇ ದಿನ ಮಳೆ ಸುರಿಯಿತು. ಗೇರಿಯವರೆಲ್ಲ ಏರಿಯ ಮೇಲೆ ನಿಂತು ಮೆಟ್ಟಿಲು ಎಣಿಸಿದರು. ಎಂಟು, ಒಂಬತ್ತು, ಹತ್ತು. ತೂಬು ಗಡಗಡನೆ ತೆರೆಯಿತು. ನೀರು ಕಾಲುವೆಗೆ ಹಾರಿತು. ನಲವತ್ತು ಮನೆಯಲ್ಲಿ ಒಂದು ಮಡಕೆಯೂ ಒಡೆಯಲಿಲ್ಲ. ಮಾಳವ್ವ ಏರಿಯ ಮೇಲೇ ಕೂತು, ನಕ್ಕು, ಅತ್ತಳು.

ದುಗ್ಗಪ್ಪಯ್ಯ ಏನಾದ ಅಂತೀರಾ? ದೊರೆ ಅವನ ಶಾಲುಗಳನ್ನೆಲ್ಲ ಗೇರಿಯ ಮುದುಕರಿಗೆ ಹಂಚಿಸಿದ. ಅವನನ್ನು ಅಳಿಲಿನ ಹಿಂದೆ ಓಡಾಡಿ ಕೆಂಪು ದೀಪ ಕಂಡಲ್ಲಿ ಕೂಗುವ ಕೆಲಸಕ್ಕೆ ಹಾಕಿದ. ಈಗ ಚೆನ್ನಾಗಿಯೇ ಕೂಗುತ್ತಾನಂತೆ.

ನೋಡಿದಿರಾ ಮಕ್ಕಳೇ, ತಪ್ಪು ಮಾಳವ್ವನಂಥವಳಿಂದಲೂ ಆಗುತ್ತದೆ. ತಪ್ಪು ಊರನ್ನು ಮುಳುಗಿಸುವುದಿಲ್ಲ, ಮುಚ್ಚಿಟ್ಟ ತಪ್ಪು ಮುಳುಗಿಸುತ್ತದೆ. ಪರೀಕ್ಷೆ ಕೆಲಸದ ಪಕ್ಕದಲ್ಲೇ ಇರಲಿ, ಕೆಂಪು ಕಂಡರೆ ಆಮೇಲೆ ಅನ್ನಬೇಡಿ.