ಸರ್ವಮಂಗಳಮ್ಮನ ಹೆಜ್ಜೆ

ರುದ್ರಮುನಿ ಊರಿನ ಅರ್ಧ ಜನಕ್ಕೆ ಕಾರು ಓಡಿಸುವುದನ್ನು ಕಲಿಸಿದವರು. ಹೇಳಿಕೊಡುವುದು ಅವರ ರಕ್ತದಲ್ಲೇ ಇತ್ತು. ಹೆಂಡತಿ ಸರ್ವಮಂಗಳಮ್ಮನಿಗೆ ಪಾರ್ಕಿನ್ಸನ್ ಕಾಯಿಲೆ ಬಂದು ನಡಿಗೆ ತಡವರಿಸತೊಡಗಿದ ಮೇಲೆ ಮನೆಯಲ್ಲೂ ಅದೇ ಪಾಠ ಶುರುವಾಯಿತು.

"ಕಾಲೆತ್ತು. ಮುಂದೆ ನೋಡು. ಅಲ್ಯಾಕೆ ನಿಂತೆ?"

ಆಕೆ ಅಡುಗೆಮನೆ ಬಾಗಿಲಲ್ಲಿ ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಿದ್ದರು. ಹಿಂದೆ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದ ಆಕೆ ಈಗ ಪಕ್ಕದ ಮನೆಯವರ ಹೆಸರಿಗೂ ತಡಕಾಡುತ್ತಿದ್ದರು. ಒಮ್ಮೆ ಬಿದ್ದು ಮೊಣಕೈ ಮುರಿದುಕೊಂಡಿದ್ದೂ ಆಯಿತು. ಮನಸ್ಸು ಮಾಡಿದರೆ ನಡೆಯಬಹುದು, ಇವಳೇ ಮನಸ್ಸು ಮಾಡುತ್ತಿಲ್ಲ ಎಂದು ರುದ್ರಮುನಿಗೆ ಒಳಗೊಳಗೇ ಸಿಟ್ಟು.

ಆಸ್ಪತ್ರೆಯಲ್ಲಿ ಡಾಕ್ಟರ್ ಪರ್ವೀನ್ ಒಂದು ಸಂಶೋಧನೆ ನಡೆಸುತ್ತಿದ್ದರು. ಈ ಕಾಯಿಲೆಯಲ್ಲಿ ನಡಿಗೆ ಕೆಡುವುದಕ್ಕೂ ಯೋಚನೆ ಮಂಕಾಗುವುದಕ್ಕೂ ಏನು ನಂಟು ಎಂದು ತಿಳಿಯುವುದು ಅವರ ಹಂಬಲ. ಸರ್ವಮಂಗಳಮ್ಮ ಒಪ್ಪಿ ಬಂದರು.

ಮೊದಲು ಡಾಕ್ಟರು ಸುಮ್ಮನೆ ನಡೆಯಲು ಹೇಳಿದರು. ಆಕೆ ನಿಧಾನವಾಗಿ ನಡೆದರು.

"ಈಗ ನದಿಗಳ ಹೆಸರು ಹೇಳ್ತಾ ನಡೀರಿ ಅಮ್ಮ."

"ತುಂಗಾ... ಭದ್ರಾ..." ಅಷ್ಟೇ. ಕಾಲು ನಿಂತಿತು.

ಕುರ್ಚಿಯಲ್ಲಿದ್ದ ರುದ್ರಮುನಿ ತಡೆಯಲಾರದೆ, "ಎಡಗಾಲೆತ್ತು, ಎಡಗಾಲು" ಎಂದರು. ಆಕೆ ವಾಲಿದರು. ಡಾಕ್ಟರು ಹಿಡಿದುಕೊಂಡರು.

"ಸರ್, ನಮಗೆಲ್ಲ ನಡಿಗೆ ತಾನಾಗೇ ಆಗುತ್ತೆ. ಇವರಿಗೆ ಅದು ಕಷ್ಟ ಆಗಿದೆ. ಒಂದೊಂದು ಹೆಜ್ಜೆಗೂ ಮನಸ್ಸನ್ನೆಲ್ಲ ಕೊಡಬೇಕು. ನಡುವೆ ನಾವು ಮಾತಾಡಿದ್ರೆ ಆ ಮನಸ್ಸನ್ನ ನಾವು ಕಿತ್ಕೊಂಡ ಹಾಗೆ."

ಸ್ಟೀರಿಂಗ್ ಹಿಡಿದ ಮೊದಲ ದಿನ ಕಲಿಯುವವರು ಬೆವರುವುದನ್ನು ರುದ್ರಮುನಿ ಬಲ್ಲರು. ಆಗ ಹಿಂದಿನ ಸೀಟಿನವರಿಗೆ ಸುಮ್ಮನಿರಲು ತಾವೇ ಗದರುತ್ತಿದ್ದರು. ಇವಳು ಹಾಸಿಗೆಯಿಂದ ಬಚ್ಚಲಿಗೆ ಹೋಗಲು ದಿನವೂ ಅಷ್ಟು ಶ್ರಮ ಪಡುತ್ತಿದ್ದಾಳೆ. ಅಂಥ ನಡಿಗೆಯಲ್ಲೇ ಇಷ್ಟು ದಿನ ತಮಗೆ ಕಾಫಿ ತಂದುಕೊಟ್ಟಿದ್ದಾಳೆ.

"ಈ ಪರೀಕ್ಷೆಯಿಂದ ನಿಮಗೆ ವಾಸಿಯಾಗಲ್ಲ ಅಮ್ಮ. ಸುಸ್ತಾಗಿದ್ರೆ ಇಲ್ಲಿಗೇ ಬಿಡೋಣ," ಎಂದರು ಡಾಕ್ಟರು.

ಸರ್ವಮಂಗಳಮ್ಮ ಸ್ವಲ್ಪ ಹೊತ್ತು ಸುಧಾರಿಸಿಕೊಂಡರು. "ಇನ್ನೊಂದು ಸಲ ನಡೀತೀನಿ. ನಾನೆಲ್ಲಿ ನಿಲ್ತೀನಿ ಅಂತ ನಿಮಗೆ ಗೊತ್ತಾದ್ರೆ ತಾನೆ, ಮುಂದೆ ಈ ಕಾಯಿಲೆ ಬರೋರಿಗೆ ಏನಾದ್ರೂ ಉಪಯೋಗ ಆಗೋದು."

ಮತ್ತೆ ನಡೆದರು. ಮತ್ತೆ ನಿಂತರು. ಮತ್ತೆ ನಡೆದರು.

ಹೊರಡುವಾಗ ಆಸ್ಪತ್ರೆಯ ಗೇಟಿನ ಹತ್ತಿರ ಕಾಲು ಪುನಃ ಅಂಟಿತು. ಹಿಂದೆ ಆಟೋ ಹಾರನ್ ಹೊಡೆಯಿತು. ರುದ್ರಮುನಿಯ ನಾಲಿಗೆ ತುದಿಗೆ ಮಾತು ಬಂತು. ನುಂಗಿಕೊಂಡರು. ಆಟೋದವನಿಗೆ ತಡೆಯುವಂತೆ ಕೈ ತೋರಿಸಿ, ಪಕ್ಕದಲ್ಲಿ ಸುಮ್ಮನೆ ನಿಂತರು. ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಹೆಜ್ಜೆ ಹುಟ್ಟುವುದನ್ನು ನೋಡಿದರು. ಮೈಭಾರ ಮೆಲ್ಲಗೆ ಒಂದು ಕಡೆ ವಾಲಿತು, ಹಿಮ್ಮಡಿ ಎದ್ದಿತು, ಬೆರಳುಗಳು ನೆಲ ಬಿಟ್ಟವು, ಕಾಲು ಗಾಳಿಯಲ್ಲಿ ಮುಂದೆ ಹೋಗಿ ನೆಲ ಹುಡುಕಿ ಊರಿತು. ಇಷ್ಟೆಲ್ಲ ನಡೆಯುತ್ತಿತ್ತೇ, ತನ್ನ ಕಾಲಲ್ಲೂ, ಎಲ್ಲರ ಕಾಲಲ್ಲೂ?

ಬಸ್‌ಸ್ಟಾಪಿನ ಕಲ್ಲುಬೆಂಚು ಸಿಗುವವರೆಗೆ ಅವರು ತುಟಿ ಬಿಚ್ಚಲಿಲ್ಲ.

ಇಬ್ಬರೂ ಕೂತರು. ಆಕೆ ಉಸಿರು ತೆಗೆದುಕೊಂಡು, ಗಂಡನ ಕಡೆ ತಿರುಗಿದರು.

"ಕೂತಿದೀವಲ್ಲ ರೀ. ಈಗ ಮಾತಾಡಿ."

ನೀತಿ: ನಮಗೆ ಸಲೀಸಾದದ್ದು ಇನ್ನೊಬ್ಬರಿಗೆ ತಪಸ್ಸಾಗಿರಬಹುದು. ಅಂಥವರನ್ನು ಅವಸರಪಡಿಸದೆ ಜೊತೆಗೆ ನಿಲ್ಲುವುದೇ ನಾವು ಕೊಡಬಹುದಾದ ದೊಡ್ಡ ನೆರವು.