ಮುಳ್ಳು ಇಳಿದಾಗ

ಹೊಳೆದಂಡೆಯ ಆಶ್ರಮಕ್ಕೆ ಯಾರೋ ಭಕ್ತರು ಒಂದು ಕಾರು ಕೊಟ್ಟಿದ್ದರು. ಹೊಸದನ್ನು ಯಾರು ಕೊಡುತ್ತಾರೆ ಹೇಳಿ? ಊರೂರು ಸುತ್ತಿ ಸವೆದ ಕಾರು ಅದು. ಶಿಷ್ಯ ಕರಿಬಸವ ಅದನ್ನು ಓಡಿಸುತ್ತಿದ್ದ.

ಅವತ್ತು ಮಟಮಟ ಮಧ್ಯಾಹ್ನ. ಕರಿಬಸವನ ತಾಯಿ ಹಾಲವ್ವ ಆಶ್ರಮದ ಅಂಗಳದಲ್ಲಿ ಸಂಡಿಗೆ ಇಡುತ್ತಿದ್ದವಳು ಬಿಸಿಲಿನ ಝಳಕ್ಕೆ ಹಾಗೇ ಕುಸಿದುಬಿಟ್ಟಳು.

ಆಕೆಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಕರಿಬಸವ ಗಾಬರಿಯಲ್ಲಿ ಬೀಗದ ಕೈಯನ್ನು ಎರಡೆರಡು ಸಲ ಕೆಳಗೆ ಬೀಳಿಸಿದ.

"ನೀನು ಅವ್ವನ ಹತ್ತಿರ ಕೂತ್ಕೋ," ಎಂದು ಗುರುಗಳೇ ಸ್ಟೇರಿಂಗ್ ಹಿಡಿದರು. ಸನ್ಯಾಸಕ್ಕೆ ಮುಂಚೆ ಅವರು ಲಾರಿ ಓಡಿಸುತ್ತಿದ್ದರು.

ಆಸ್ಪತ್ರೆ ಇರುವ ಊರು ಇನ್ನೂ ದೂರ. ಅರ್ಧ ದಾರಿಯಲ್ಲಿ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಏರತೊಡಗಿತು.

"ಬುದ್ಧೀ, ಮುಳ್ಳು ಕೆಂಪಿಗೆ ಹೋಗ್ತಿದೆ!"

"ಗೊತ್ತು. ಹೊರಡೋ ಮುಂಚೆ ನೀರು ನೋಡಿದೆಯಾ?"

"ಅವ್ವನ ಗಾಬರಿಯಲ್ಲಿ ಎಲ್ಲಿ ನೋಡ್ಲಿ ಬುದ್ಧಿ? ಕಾರು ನಿಂತುಹೋದರೆ ಇವಳ ಗತಿ ಏನು?"

"ಅವ್ವನಿಗೆ ಗಾಳಿ ಹಾಕು."

ಗುರುಗಳು ವೇಗ ತಗ್ಗಿಸಿದರು. "ಉರಿ... ಉರಿ..." ಎಂದು ಹಾಲವ್ವ ನರಳುತ್ತಿದ್ದಳು. ಒಂದೊಂದು ನರಳಿಕೆಗೂ ಮಗನ ಜೀವ ಬಾಯಿಗೆ ಬರುತ್ತಿತ್ತು.

ಆಮೇಲೆ ಇದ್ದಕ್ಕಿದ್ದ ಹಾಗೆ ಮುಳ್ಳು ಸರ್ರನೆ ಇಳಿಯಿತು. ಹಾಲವ್ವನ ನರಳಾಟವೂ ನಿಂತಿತು.

"ಸದ್ಯ!" ಕರಿಬಸವ ಉಸಿರು ಬಿಟ್ಟ. "ಇಂಜಿನ್ನು ತಣ್ಣಗಾಯ್ತು ಬುದ್ಧಿ. ಅವ್ವನಿಗೂ ಜೊಂಪು ಹತ್ತಿತು."

ಗುರುಗಳು ಗಕ್ಕನೆ ಬ್ರೇಕ್ ಹಾಕಿ ಇಂಜಿನ್ ಆಫ್ ಮಾಡಿದರು. ತಿರುಗಿದ ಅವರ ಮುಖ ಬಿಳುಚಿಕೊಂಡಿತ್ತು. ಗುರುಗಳು ಹೆದರಿದ್ದನ್ನು ಕರಿಬಸವ ಅವತ್ತೇ ಮೊದಲು ಕಂಡದ್ದು.

"ಯಾಕೆ ನಿಲ್ಲಿಸಿದ್ರಿ? ಮುಳ್ಳು ಇಳಿದಿದೆಯಲ್ಲ!"

ಗುರುಗಳು ಕೆಳಗಿಳಿದರು. ಬಾನೆಟ್ ಎತ್ತಿ, ಕೈಗೆ ಟವೆಲ್ ಸುತ್ತಿಕೊಂಡು ರೇಡಿಯೇಟರಿನ ಪೈಪು ಹಿಚುಕಿ ತೋರಿಸಿದರು. ಒಳಗೆ ಏನೂ ಇರಲಿಲ್ಲ. ಕೆಳಗಿನ ಪೈಪು ಉದ್ದಕ್ಕೂ ಸೀಳಿತ್ತು.

"ಮುಳ್ಳು ಹೇಳೋದು ನೀರಿನ ಬಿಸಿ ಕಣೋ. ನೀರೇ ಇಲ್ಲದ ಮೇಲೆ ಅದೇನು ಹೇಳೀತು? ಹೋಗು, ಅವ್ವನ ಹಣೆ ಮುಟ್ಟು."

ಕರಿಬಸವ ಮುಟ್ಟಿದ.

"ಬೆವರಿಲ್ಲ ಬುದ್ಧಿ." ಅವನು ಕೆನ್ನೆಯನ್ನೂ ಮುಟ್ಟಿದ. "ಸುಡ್ತಿದೆ. ಅವ್ವಾ! ಏ ಅವ್ವಾ!"

ಹಾಲವ್ವ ಓಗೊಡಲಿಲ್ಲ.

ಇಂಜಿನ್ನಿಗೆಂದು ಡಿಕ್ಕಿಯಲ್ಲಿಟ್ಟಿದ್ದ ಒಂದೇ ಒಂದು ಕ್ಯಾನ್ ನೀರನ್ನು ಗುರುಗಳು ತಂದರು. ತಮ್ಮ ಕಾವಿ ಶಲ್ಯ ನೆನೆಸಿ ಆಕೆಗೆ ಹೊದಿಸಿದರು. ಮಿಕ್ಕ ನೀರನ್ನು ಮೈಮೇಲೆ ಸುರಿಯತೊಡಗಿದರು.

"ಎಲ್ಲಾ ಅವ್ವನಿಗೇ ಸುರಿದರೆ ಕಾರಿಗೆ?"

"ಒಡೆದ ಪೈಪಿನಲ್ಲಿ ನೀರು ನಿಲ್ಲುತ್ತೇನೋ? ಕಾದ ಇಂಜಿನ್ನಿಗೆ ತಣ್ಣೀರು ಬಿದ್ದರೆ ಅದೂ ಸೀಳುತ್ತೆ. ಓಡು, ಯಾವುದಾದರೂ ಗಾಡಿಗೆ ಅಡ್ಡ ನಿಲ್ಲು!"

ಕಲ್ಲಂಗಡಿ ತುಂಬಿದ ಟೆಂಪೊ ಒಂದು ಬಂತು. ಕರಿಬಸವ ಎರಡೂ ಕೈ ಎತ್ತಿ ನಡುರಸ್ತೆಯಲ್ಲಿ ನಿಂತುಬಿಟ್ಟ. ಡ್ರೈವರ್ ಬೈಯಲು ಬಾಯಿ ತೆರೆದವನು ಹಾಲವ್ವನನ್ನು ಕಂಡು ತಾನೇ ಇಳಿದು ಕೈ ಹಾಕಿದ. ಹಣ್ಣು ಸರಿಸಿ ಜಾಗ ಮಾಡಿ ಆಕೆಯನ್ನು ಮಲಗಿಸಿದರು.

ಟೆಂಪೊ ಓಡಿತು. ಒದ್ದೆ ಶಲ್ಯದ ಮೇಲೆ ಗಾಳಿ ಬೀಸುತ್ತಿತ್ತು. ಗುರುಗಳು ಆಕೆಯ ಮುಖದಿಂದ ಕಣ್ಣು ತೆಗೆಯಲಿಲ್ಲ. ಅವ್ವ ಹೋಗಿಬಿಟ್ಟಳೇನೋ ಎಂದು ಕರಿಬಸವ ಕಲ್ಲಾಗಿ ಕೂತಿದ್ದ.

ಊರು ಕಾಣುವ ಹೊತ್ತಿಗೆ ಹಾಲವ್ವ ಅಲುಗಿದಳು.

"ಅಯ್ಯೋ... ಸತ್ತೆನಪ್ಪೋ... ಉರಿ..."

ಕರಿಬಸವ ಬೆಚ್ಚಿ ಗುರುಗಳ ತೋಳು ಹಿಡಿದ. "ಬುದ್ಧೀ! ಮತ್ತೆ ನರಳ್ತಿದ್ದಾಳೆ! ನನಗೆ ಭಯ ಆಗ್ತಿದೆ!"

ಗುರುಗಳು ಮೊದಲ ಸಲ ಹಿಂದಕ್ಕೆ ಒರಗಿದರು.

"ನರಳಲಿ ಬಿಡೋ. ನೀನು ಹೆದರಬೇಕಾಗಿದ್ದದ್ದು 'ಸದ್ಯ' ಅಂದೆಯಲ್ಲ, ಆಗ."