ಸಾಹುಕಾರರ ಮನೆಯ ಎರಡು ಪಂಕ್ತಿ

ಸಾಹುಕಾರ ಚೆನ್ನವೀರಪ್ಪನವರ ಹೊಸ ಮನೆಯ ಊಟ. ಬಡಿಸುವವನನ್ನು ಕರೆದು ಅವರು ಗುಡುಗಿದರು: "ನಾನೂ ಸೇರಿ ನಲವತ್ತು ಜನ. ಒಬ್ಬರನ್ನೊಬ್ಬರು ಕಂಡರಾಗದವರು ಒಂದೇ ಪಂಕ್ತಿಯಲ್ಲಿ ಕೂರಬಾರದು. ಪಂಕ್ತಿ ಮಾತ್ರ ಎಷ್ಟು ಕಡಿಮೆ ಸಾಧ್ಯವೋ ಅಷ್ಟೇ ಇರಬೇಕು. ಒಂದು ಹೆಚ್ಚಾದರೂ ನಿನ್ನ ಕೆಲಸ ಹೋಯಿತು."

ನಲವತ್ತು ಜನರನ್ನು ಅದಲುಬದಲು ಕೂರಿಸಿ ನೋಡುತ್ತಾ ಹೋದರೆ ಏಳು ಜನ್ಮ ಸಾಲದು. ಅವನು ಯಾರನ್ನೂ ಕೂರಿಸಲಿಲ್ಲ. ಸೀಮೆಸುಣ್ಣದಿಂದ ನೆಲದ ಮೇಲೆ ಎಲ್ಲರ ಹೆಸರು ಬರೆದ. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು, "ನಿಮಗೆ ಯಾರನ್ನು ಕಂಡರಾಗದು?" ಎಂದು ಕೇಳಿದ. ಬಡಿಸುವವನ ಮುಂದೆ ಯಾರಿಗೆ ಸಂಕೋಚ? ಎಲ್ಲರೂ ಹೇಳಿದರು. ಅವರು ಹೇಳಿದಂತೆ ಹೆಸರಿಂದ ಹೆಸರಿಗೆ ಗೆರೆ ಎಳೆದ.

"ಎರಡೇ ಪಂಕ್ತಿ ಸಾಹುಕಾರ್ರೇ. ಇದಕ್ಕಿಂತ ಕಡಿಮೆ ಆಗೋದೇ ಇಲ್ಲ."

"ಭಲೆ! ಯಾರ್ಯಾರು ಎಲ್ಲೆಲ್ಲಿ?"

"ಒಂದರಲ್ಲಿ ಮೂವತ್ತೊಂಬತ್ತು ಜನ. ಇನ್ನೊಂದರಲ್ಲಿ ನೀವು."

ಸಾಹುಕಾರರು ಬಗ್ಗಿ ನೋಡಿದರು. ಮೂವತ್ತೊಂಬತ್ತು ಗೆರೆಯೂ ಅವರ ಹೆಸರಿಗೇ ಬಂದು ಸೇರಿದ್ದವು. ಬೀಗರದ್ದೂ ಇತ್ತು, ಸ್ವಂತ ತಮ್ಮನದ್ದೂ ಇತ್ತು.

"ನಿನಗೆ ಇನ್ನು ಇಲ್ಲಿ ಕೆಲಸ ಇಲ್ಲ!"

"ಆಗಲಿ" ಎಂದು ಅವನು ಸೌಟು ಕೆಳಗಿಟ್ಟ. ಸೀಮೆಸುಣ್ಣ ಎತ್ತಿಕೊಂಡು ತನ್ನ ಹೆಸರನ್ನೂ ಬರೆದು, ನಲವತ್ತನೆಯ ಗೆರೆ ಎಳೆದ. ಆಮೇಲೆ ಆ ಮೂವತ್ತೊಂಬತ್ತು ಜನರ ಪಂಕ್ತಿಯಲ್ಲಿ ಎಲೆ ಹಾಕಿಕೊಂಡು ಕೂತ.